ಆಡಿದವರೆಲ್ಲ ಕಲಿಸಬಲ್ಲರೇ?

ನಿವೃತ್ತ ಕ್ವಾರ್ಟರ್‌ಬ್ಯಾಕ್ ಕೋಚ್ ಆಗಬೇಕೇ ಎಂಬ ಅಮೆರಿಕದ ಚರ್ಚೆಗೆ ಕರ್ನಾಟಕದ ಕ್ರಿಕೆಟಿಗರ ಉತ್ತರ

ಸ್ಯಾನ್ ರಮೋನ್: ಊರಿನಲ್ಲಿ ಭಾನುವಾರ ರಾತ್ರಿಯ ಊಟ ಮುಗಿಸಿ ಅಮೆರಿಕದ ಮಗನಿಗೋ ಮಗಳಿಗೋ ವಿಡಿಯೊ ಕರೆ ಮಾಡುವ ಹೊತ್ತಿಗೆ ಇಲ್ಲಿ ಬೆಳಿಗ್ಗೆ ಹತ್ತು ಗಂಟೆಯ ಆಸುಪಾಸು. ಸೆಪ್ಟೆಂಬರ್‌ನಿಂದ ಚಳಿಗಾಲ ಮುಗಿಯುವವರೆಗೆ ಟಿ.ವಿ.ಯಲ್ಲಿ ಅಮೆರಿಕನ್ ಫುಟ್‌ಬಾಲ್ ಶುರುವಾಗುವ ಸಮಯವೂ ಅದೇ. ಮೊಮ್ಮಕ್ಕಳು ಅಜ್ಜ ಅಜ್ಜಿಗೆ ಕೈ ಬೀಸಿ ಮತ್ತೆ ಪರದೆಯ ಕಡೆ ತಿರುಗುತ್ತಾರೆ. ಅವರ ಮಾತಿನಲ್ಲಿ ಪದೇ ಪದೇ ಬರುವ ಒಂದು ಪದ ‘ಕ್ವಾರ್ಟರ್‌ಬ್ಯಾಕ್’.

ಪ್ರತಿ ವರ್ಷ ಋತು ಮುಗಿಯುತ್ತಿದ್ದಂತೆ ಹಿರಿಯ ಕ್ವಾರ್ಟರ್‌ಬ್ಯಾಕ್‌ಗಳು ನಿವೃತ್ತರಾಗುತ್ತಾರೆ. ಆಗ ಅಭಿಮಾನಿಗಳು ಕೇಳುವ ಪ್ರಶ್ನೆಯೂ ಒಂದೇ: ಇಷ್ಟು ಆಟ ಬಲ್ಲ ಇವರು ಕೋಚ್ ಆಗಬೇಕಲ್ಲವೇ? ರಾಹುಲ್ ದ್ರಾವಿಡ್, ಅನಿಲ್ ಕುಂಬ್ಳೆ ಆಟ ಬಿಟ್ಟಾಗ ನಾವು ಕೇಳಿದ್ದೂ ಇದನ್ನೇ. ಇಲ್ಲಿನ ಅನುಭವವನ್ನೂ ನಮ್ಮ ಅನುಭವವನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಉತ್ತರ ಅಂದುಕೊಂಡಷ್ಟು ಸರಳವಾಗಿಲ್ಲ.

ಮೈದಾನದಲ್ಲೇ ಅರ್ಧ ಕೋಚ್

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಒಂದು ಬಾರಿಗೆ ಪ್ರತಿ ತಂಡದ 11 ಮಂದಿ ಮೈದಾನದಲ್ಲಿರುತ್ತಾರೆ. ದಾಳಿ ಮಾಡುವ ತಂಡದಲ್ಲಿ ಚೆಂಡು ಮೊದಲು ಬರುವುದು ಸಾಮಾನ್ಯವಾಗಿ ಕ್ವಾರ್ಟರ್‌ಬ್ಯಾಕ್ ಕೈಗೆ. ಎಸೆಯಬೇಕೇ, ಯಾರಿಗೆ ಎಸೆಯಬೇಕು, ಪಕ್ಕದವನ ಕೈಗೆ ಕೊಡಬೇಕೇ, ತಾನೇ ಹಿಡಿದು ಓಡಬೇಕೇ ಎಂಬುದನ್ನು ಅವನು ಎರಡು ಮೂರು ಸೆಕೆಂಡುಗಳಲ್ಲಿ ತೀರ್ಮಾನಿಸಬೇಕು. ನಮ್ಮ ಕ್ರಿಕೆಟ್‌ಗೆ ಹೋಲಿಸಿದರೆ ನಾಯಕನ ತಲೆ, ವಿಕೆಟ್ ಕೀಪರ್‌ನ ಕಣ್ಣು ಎರಡೂ ಅವನಿಗೆ ಬೇಕು.

ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ 1994ರಿಂದ ಕ್ವಾರ್ಟರ್‌ಬ್ಯಾಕ್‌ನ ಹೆಲ್ಮೆಟ್ಟಿನೊಳಗೆ ರೇಡಿಯೊ ಇದೆ. ಮುಂದಿನ ಆಟ ಯಾವುದೆಂದು ಕೋಚ್ ಅದರಲ್ಲೇ ಹೇಳುತ್ತಾರೆ. ಗಡಿಯಾರದಲ್ಲಿ 15 ಸೆಕೆಂಡು ಉಳಿದಾಗ ಆ ದನಿ ತಾನಾಗಿ ನಿಂತುಹೋಗುತ್ತದೆ. ಅಲ್ಲಿಂದ ಮುಂದೆ ಎದುರಾಳಿಗಳು ನಿಂತ ರೀತಿ ನೋಡಿ ಯೋಜನೆಯನ್ನು ಬದಲಿಸುವುದೋ ಬಿಡುವುದೋ ಕ್ವಾರ್ಟರ್‌ಬ್ಯಾಕ್‌ನ ಹೊಣೆ. ಆದ್ದರಿಂದಲೇ ಅವನು ಆಗಲೇ ಅರ್ಧ ಕೋಚ್, ಉಳಿದರ್ಧ ತಾನಾಗಿ ಬರುತ್ತದೆ ಎಂದು ಜನ ನಂಬುತ್ತಾರೆ. ಆದರೆ ಆ ಉಳಿದರ್ಧವೇ ಕಷ್ಟದ್ದು.

ಬೇ ಏರಿಯಾದ ಪಾಠ

ಇದನ್ನು ತಿಳಿಯಲು ಸ್ಯಾನ್ ರಮೋನ್‌ನಿಂದ ಬಹಳ ದೂರ ಹೋಗಬೇಕಾಗಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ 49ಅರ್ಸ್ ತಂಡಕ್ಕೆ ನಾಲ್ಕು ಸೂಪರ್ ಬೌಲ್ ಗೆದ್ದುಕೊಟ್ಟ ಜೋ ಮೊಂಟಾನಾ ಎನ್‌ಎಫ್‌ಎಲ್‌ನಲ್ಲಿ ಕೋಚ್ ಹುದ್ದೆ ಹಿಡಿಯಲಿಲ್ಲ. ಕೊಲ್ಲಿಯ ಆಚೆ ದಡದ ಸ್ಯಾನ್ ಮಟೇಯೊದಲ್ಲಿ ಬೆಳೆದ ಟಾಮ್ ಬ್ರೇಡಿ ಏಳು ಸೂಪರ್ ಬೌಲ್ ಗೆದ್ದವರು. 2023ರಲ್ಲಿ ನಿವೃತ್ತರಾದ ಮೇಲೆ ಅವರು ಆರಿಸಿಕೊಂಡದ್ದು ಟಿ.ವಿ. ವೀಕ್ಷಕ ವಿವರಣೆಯನ್ನು ಮತ್ತು ಒಂದು ತಂಡದ ಸಣ್ಣ ಪಾಲುದಾರಿಕೆಯನ್ನು. ಶಿಖರ ಮುಟ್ಟಿದ ಇಬ್ಬರೂ ಆ ದಾರಿಗೆ ಹೋಗಲಿಲ್ಲ.

ಹೋದವರಲ್ಲಿ ಮುಖ್ಯರು ಜಿಮ್ ಹಾರ್ಬಾ. 1987ರಿಂದ 2000ದವರೆಗೆ ಎನ್‌ಎಫ್‌ಎಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿದ್ದವರು. ಅವರ ತಂದೆಯೂ ಕೋಚ್. ಇನ್ನೂ ಆಡುತ್ತಿದ್ದಾಗಲೇ, ತಂದೆ ನಡೆಸುತ್ತಿದ್ದ ವೆಸ್ಟರ್ನ್ ಕೆಂಟಕಿ ವಿಶ್ವವಿದ್ಯಾಲಯದ ತಂಡದಲ್ಲಿ ಸಂಬಳವಿಲ್ಲದ ಸಹಾಯಕರಾಗಿ ಕೆಲಸ ಮಾಡಿದ್ದರು. ನಿವೃತ್ತಿಯ ನಂತರ ಓಕ್ಲೆಂಡ್ ರೈಡರ್ಸ್ ತಂಡದಲ್ಲಿ ಸಹಾಯಕ ಕೋಚ್, ಆಮೇಲೆ ಸ್ಯಾನ್ ಡಿಯಾಗೊದ ಒಂದು ಸಣ್ಣ ತಂಡದ ಮುಖ್ಯ ಕೋಚ್. 2007ರಲ್ಲಿ ಸ್ಟ್ಯಾನ್‌ಫರ್ಡ್‌ಗೆ ಬಂದಾಗ ಆ ತಂಡ ಹಿಂದಿನ ವರ್ಷ 12 ಪಂದ್ಯಗಳಲ್ಲಿ ಒಂದನ್ನಷ್ಟೇ ಗೆದ್ದಿತ್ತು. ನಾಲ್ಕನೇ ವರ್ಷದಲ್ಲಿ ಅದೇ ತಂಡ 12 ಗೆದ್ದು ಒಂದೇ ಸೋತಿತು.

2013ರ ಫೆಬ್ರುವರಿಯಲ್ಲಿ ಅವರು 49ಅರ್ಸ್ ತಂಡವನ್ನು ಸೂಪರ್ ಬೌಲ್‌ಗೆ ಕರೆದೊಯ್ದರು. ಅಲ್ಲಿ ಸೋಲಿಸಿದ್ದು ಅಣ್ಣ ಜಾನ್ ಹಾರ್ಬಾ ಕೋಚ್ ಆಗಿದ್ದ ಬಾಲ್ಟಿಮೋರ್ ತಂಡ. ಜಾನ್ ಎನ್‌ಎಫ್‌ಎಲ್‌ನಲ್ಲಿ ಒಂದು ಪಂದ್ಯವನ್ನೂ ಆಡಿದವರಲ್ಲ. ಒಂದೇ ಮನೆಯಲ್ಲಿ ಬೆಳೆದ ಇಬ್ಬರಲ್ಲಿ ಆಡಿದ ತಮ್ಮನನ್ನು ಆಡದ ಅಣ್ಣ ಸೋಲಿಸಿದ ಆ ರಾತ್ರಿ ಈ ಚರ್ಚೆಗೆ ಒಳ್ಳೆಯ ಸಾಕ್ಷಿ.

ಸ್ಯಾನ್ ರಮೋನ್‌ನಿಂದ 680ನೇ ಹೆದ್ದಾರಿ ಹಿಡಿದು ಉತ್ತರಕ್ಕೆ ಹೋದರೆ ಕಾಂಕರ್ಡ್ ಸಿಗುತ್ತದೆ. ಅಲ್ಲಿನ ಡಿ ಲಾ ಸಾಲ್ ಹೈಸ್ಕೂಲ್ ತಂಡ 1992ರಿಂದ 2004ರವರೆಗೆ ಸತತ 151 ಪಂದ್ಯ ಗೆದ್ದಿತು. ಕೋಚ್ ಬಾಬ್ ಲಡೂಸರ್ ಕೂಡ ಎನ್‌ಎಫ್‌ಎಲ್ ಆಟಗಾರರಲ್ಲ. ಹದಿಹರೆಯದ ಹುಡುಗರಿಗೆ ಕಲಿಸುವುದನ್ನೇ ಅವರು ಮೂರು ದಶಕ ಮಾಡಿದರು.

ಮೀಸಲು ಆಟಗಾರನ ಕಣ್ಣು

ಇನ್ನೊಂದು ಉದಾಹರಣೆ ಡಗ್ ಪೀಡರ್ಸನ್. ಕ್ವಾರ್ಟರ್‌ಬ್ಯಾಕ್ ಆಗಿ ಅವರ ಹೆಚ್ಚಿನ ಕಾಲ ಕಳೆದದ್ದು ಮೀಸಲು ಆಟಗಾರನಾಗಿ, ಅಂದರೆ ನಮ್ಮ ಹನ್ನೆರಡನೇ ಆಟಗಾರನ ಹಾಗೆ. ನಿವೃತ್ತರಾದ ಮೇಲೆ ಲೂಸಿಯಾನದ ಒಂದು ಹೈಸ್ಕೂಲಿನಲ್ಲಿ ನಾಲ್ಕು ವರ್ಷ ಕಲಿಸಿದರು. ನಂತರ ಎನ್‌ಎಫ್‌ಎಲ್‌ನಲ್ಲಿ ಕೆಳಗಿನ ಮೆಟ್ಟಿಲಿನಿಂದ ಹತ್ತಿ ಫಿಲಡೆಲ್ಫಿಯಾ ತಂಡದ ಮುಖ್ಯ ಕೋಚ್ ಆದರು. 2018ರ ಫೆಬ್ರುವರಿಯಲ್ಲಿ ಅವರ ತಂಡ ಸೂಪರ್ ಬೌಲ್‌ನಲ್ಲಿ ಸೋಲಿಸಿದ್ದು ಟಾಮ್ ಬ್ರೇಡಿ ಆಡುತ್ತಿದ್ದ ತಂಡವನ್ನು.

ಇದಕ್ಕೆ ವಿರುದ್ಧವಾದದ್ದು ಬಾರ್ಟ್ ಸ್ಟಾರ್ ಕಥೆ. ಮೊದಲ ಎರಡು ಸೂಪರ್ ಬೌಲ್ ಗೆದ್ದ ಗ್ರೀನ್ ಬೇ ತಂಡದ ಕ್ವಾರ್ಟರ್‌ಬ್ಯಾಕ್. ಸಹಾಯಕ ಕೋಚ್ ಆಗಿ ಒಂದೇ ವರ್ಷದ ಅನುಭವವಿದ್ದ ಅವರನ್ನು 1975ರಲ್ಲಿ ಅದೇ ತಂಡದ ಮುಖ್ಯ ಕೋಚ್ ಮಾಡಲಾಯಿತು. ಒಂಬತ್ತು ವರ್ಷಗಳಲ್ಲಿ ಗೆಲುವಿಗಿಂತ ಸೋಲೇ ಹೆಚ್ಚಾಯಿತು. ಆಟಗಾರನಾಗಿ ಗಳಿಸಿದ ಹೆಸರು ಉಳಿಯಿತು, ಕೋಚ್ ಹುದ್ದೆ ಉಳಿಯಲಿಲ್ಲ.

ಬೆಂಚಿನ ಮೇಲೆ ಕುಳಿತವನು ಇಡೀ ಆಟವನ್ನು ನೋಡುತ್ತಾನೆ. ಸಹಜ ಪ್ರತಿಭೆ ಕಡಿಮೆ ಇದ್ದಷ್ಟೂ ಪ್ರತಿಯೊಂದನ್ನೂ ಬಿಡಿಸಿ ಕಲಿತಿರುತ್ತಾನೆ. ಬಿಡಿಸಿ ಕಲಿತದ್ದನ್ನು ಬಿಡಿಸಿ ಹೇಳುವುದು ಸುಲಭ. ಕೈಗೆ ತಾನಾಗಿ ಬಂದ ವಿದ್ಯೆಯನ್ನು ಇನ್ನೊಬ್ಬರಿಗೆ ದಾಟಿಸಬೇಕಾದರೆ ಮೊದಲು ಅದು ತನಗೆ ಹೇಗೆ ಬಂತೆಂದು ತಾನೇ ಹುಡುಕಿಕೊಳ್ಳಬೇಕು. ಹುಡುಕುವ ತಾಳ್ಮೆ ಇರುವ ದೊಡ್ಡ ಆಟಗಾರರೂ ಇದ್ದಾರೆ. ಅವರಲ್ಲಿ ಒಬ್ಬರು ನಮ್ಮವರೇ.

ದ್ರಾವಿಡ್ ಹಿಡಿದ ದಾರಿ

164 ಟೆಸ್ಟ್‌ಗಳಲ್ಲಿ 13,288 ರನ್ ಗಳಿಸಿ 2012ರಲ್ಲಿ ನಿವೃತ್ತರಾದ ರಾಹುಲ್ ದ್ರಾವಿಡ್ ಮೊದಲು ಒಪ್ಪಿಕೊಂಡದ್ದು ಹುಡುಗರ ತಂಡವನ್ನು. ಐಪಿಎಲ್‌ನಲ್ಲಿ ಮಾರ್ಗದರ್ಶಕರಾಗಿದ್ದ ಅವರು 2015ರಲ್ಲಿ ಭಾರತ ‘ಎ’ ಮತ್ತು 19 ವರ್ಷದೊಳಗಿನವರ ತಂಡಗಳ ಹೊಣೆ ಹೊತ್ತರು. 2016ರ ಕಿರಿಯರ ವಿಶ್ವಕಪ್‌ನಲ್ಲಿ ತಂಡ ಫೈನಲ್‌ನಲ್ಲಿ ಸೋತಿತು, 2018ರಲ್ಲಿ ಗೆದ್ದಿತು. ಆ ಗೆಲುವಿಗೆ ತಮಗೆ 50 ಲಕ್ಷ, ಸಹಾಯಕ ಸಿಬ್ಬಂದಿಗೆ 20 ಲಕ್ಷ ರೂಪಾಯಿ ಬಹುಮಾನ ಘೋಷಣೆಯಾದಾಗ ಎಲ್ಲರಿಗೂ ಸಮನಾಗಿ ಕೊಡಿ ಎಂದರು. ಕೊನೆಗೆ ಎಲ್ಲರಿಗೂ 25 ಲಕ್ಷ ಸಂದಿತು. 2019ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯ ಮುಖ್ಯಸ್ಥರಾದರು. ಹಿರಿಯರ ತಂಡದ ಮುಖ್ಯ ಕೋಚ್ ಆದದ್ದು 2021ರ ನವೆಂಬರ್‌ನಲ್ಲಿ. ಅಷ್ಟರಲ್ಲಿ ಕಿರಿಯರಿಗೆ ಕಲಿಸುವ ಕೆಲಸದಲ್ಲಿ ಆರು ವರ್ಷ ಕಳೆದಿತ್ತು.

2023ರ ನವೆಂಬರ್ 19ರಂದು ಅಹಮದಾಬಾದ್‌ನಲ್ಲಿ ವಿಶ್ವಕಪ್ ಫೈನಲ್ ಕೈತಪ್ಪಿತು. 2024ರ ಜೂನ್ 29ರಂದು ಬಾರ್ಬಡೋಸ್‌ನಲ್ಲಿ ಟಿ20 ವಿಶ್ವಕಪ್ ಸಿಕ್ಕಿತು. 2007ರಲ್ಲಿ ಅದೇ ವೆಸ್ಟ್ ಇಂಡೀಸ್‌ನಲ್ಲಿ ನಾಯಕನಾಗಿ ಮೊದಲ ಸುತ್ತಿನಲ್ಲೇ ಹೊರಬಿದ್ದವರು ಕೋಚ್ ಆಗಿ ಕಪ್ ಹಿಡಿದು ಹಿಂತಿರುಗಿದರು.

ಅನಿಲ್ ಕುಂಬ್ಳೆ ಅವರ ಅನುಭವ ಬೇರೆ. 619 ಟೆಸ್ಟ್ ವಿಕೆಟ್ ಪಡೆದ ಅವರು 2016ರ ಜೂನ್‌ನಲ್ಲಿ ನೇರವಾಗಿ ಭಾರತ ತಂಡದ ಮುಖ್ಯ ಕೋಚ್ ಆದರು. ಅವರ ಅವಧಿಯಲ್ಲಿ ತಂಡ ಒಂದೂ ಟೆಸ್ಟ್ ಸರಣಿ ಸೋಲಲಿಲ್ಲ. ಆದರೂ ಒಂದೇ ವರ್ಷದಲ್ಲಿ, ನಾಯಕನೊಂದಿಗಿನ ಜೊತೆಗಾರಿಕೆ ಮುಂದುವರಿಯುವ ಸ್ಥಿತಿಯಲ್ಲಿಲ್ಲ ಎಂದು ರಾಜೀನಾಮೆ ಕೊಟ್ಟರು. ಕೋಚ್‌ಗೆ ವಿದ್ಯೆ ಇದ್ದರೆ ಸಾಲದು, ಫಲಿತಾಂಶವೂ ಸಾಲದು. ಆಡುವವರು ತನ್ನ ಮಾತನ್ನು ಕೇಳಬೇಕು. ಆಡುವಾಗ ಚೆಂಡು ತನ್ನ ಕೈಯಲ್ಲಿರುತ್ತದೆ. ಕೋಚ್ ಆದ ಮೇಲೆ ಅದು ಯಾವಾಗಲೂ ಇನ್ನೊಬ್ಬರ ಕೈಯಲ್ಲಿ.

ಅಮೆರಿಕಕ್ಕೆ ಬಂದ ಕರ್ನಾಟಕದ ಕೋಚ್

ಇಲ್ಲಿನ ಕನ್ನಡಿಗರಿಗೆ ಇನ್ನೂ ಹತ್ತಿರದ ಹೆಸರು ಜೆ. ಅರುಣ್‌ಕುಮಾರ್. ಕರ್ನಾಟಕದ ಆರಂಭಿಕ ಬ್ಯಾಟ್ಸ್‌ಮನ್ ಆಗಿ ಪ್ರಥಮ ದರ್ಜೆಯಲ್ಲಿ ಏಳು ಸಾವಿರಕ್ಕೂ ಹೆಚ್ಚು ರನ್ ಗಳಿಸಿದವರು, ಆದರೆ ಭಾರತ ತಂಡದ ಬಾಗಿಲು ಅವರಿಗೆ ತೆರೆಯಲಿಲ್ಲ. ಕೋಚ್ ಆಗಿ ಅವರು ಕರ್ನಾಟಕಕ್ಕೆ 2013–14 ಮತ್ತು 2014–15ರಲ್ಲಿ ರಣಜಿ, ಇರಾನಿ, ವಿಜಯ್ ಹಜಾರೆ ಮೂರೂ ಟ್ರೋಫಿಗಳನ್ನು ಸತತ ಎರಡು ಬಾರಿ ಗೆದ್ದುಕೊಟ್ಟರು. 2020ರಲ್ಲಿ ಅಮೆರಿಕ ಕ್ರಿಕೆಟ್ ತಂಡದ ಮುಖ್ಯ ಕೋಚ್ ಆಗಿ ನೇಮಕಗೊಂಡರು. 2021ರ ಡಿಸೆಂಬರ್‌ನಲ್ಲಿ ಫ್ಲಾರಿಡಾದಲ್ಲಿ ಅಮೆರಿಕ ತಂಡ ಐರ್ಲೆಂಡನ್ನು ಟಿ20 ಪಂದ್ಯದಲ್ಲಿ ಸೋಲಿಸಿತು.

2024ರ ಜೂನ್‌ನಲ್ಲಿ ಡಲ್ಲಾಸ್ ಬಳಿ ಅಮೆರಿಕ ಪಾಕಿಸ್ತಾನವನ್ನು ಸೂಪರ್ ಓವರ್‌ನಲ್ಲಿ ಮಣಿಸಿದಾಗ ಕೋಚ್ ಬೇರೆಯವರಾಗಿದ್ದರು. ಆದರೆ ಅಂದು ಮೂರು ವಿಕೆಟ್ ಪಡೆದ ನಾಸ್ತುಷ್ ಕೆಂಜಿಗೆ ಅಮೆರಿಕದಲ್ಲಿ ಹುಟ್ಟಿ ಕರ್ನಾಟಕದಲ್ಲಿ ಬೆಳೆದ ಹುಡುಗ. ಸೂಪರ್ ಓವರ್ ಎಸೆದ ಸೌರಭ್ ನೇತ್ರವಾಲ್ಕರ್ ಒರಾಕಲ್ ಕಂಪನಿಯ ಎಂಜಿನಿಯರ್. ಗದಗದ ಸುನಿಲ್ ಜೋಶಿ ಅವರೂ ಹೀಗೆಯೇ ಜಮ್ಮು–ಕಾಶ್ಮೀರದಿಂದ ಬಾಂಗ್ಲಾದೇಶದವರೆಗೆ ಕಲಿಸುತ್ತ ಹೋದವರು. ಕರ್ನಾಟಕದ ಆಟಗಾರರಿಗೆ ಹೊರನಾಡಿನಲ್ಲಿ ಕೆಲಸ ಕೊಡಿಸಿದ್ದು ಹಳೆಯ ರನ್, ವಿಕೆಟ್‌ಗಳಷ್ಟೇ ಅಲ್ಲ, ಕಲಿಸುವ ಕಸುಬು.

ಮನೆಯವರು ತೆರುವ ಬೆಲೆ

ಆಟಗಾರನಿಗಿಂತ ಕೋಚ್‌ಗೆ ಬಿಡುವು ಕಡಿಮೆ. ಪಂದ್ಯ ಮುಗಿದ ರಾತ್ರಿಯೇ ಮುಂದಿನ ಎದುರಾಳಿಯ ವಿಡಿಯೊ ನೋಡಬೇಕು. ಕೆಲಸವೂ ಒಂದೇ ಊರಿನಲ್ಲಿ ನಿಲ್ಲುವುದಿಲ್ಲ. ಸ್ಯಾನ್ ರಮೋನ್‌ನಿಂದ ಸುಮಾರು ಅರ್ಧ ಗಂಟೆ ದೂರದ ಒರಿಂಡಾದ ಹೈಸ್ಕೂಲಿನಲ್ಲಿ ಆಡಿ ಬೆಳೆದ ಕೆನ್ ಡಾರ್ಸಿ ಇದಕ್ಕೆ ಉದಾಹರಣೆ. ಕಾಲೇಜಿನಲ್ಲಿ ರಾಷ್ಟ್ರೀಯ ಚಾಂಪಿಯನ್ ತಂಡದ ಕ್ವಾರ್ಟರ್‌ಬ್ಯಾಕ್, ಎನ್‌ಎಫ್‌ಎಲ್‌ನಲ್ಲಿ 49ಅರ್ಸ್ ಮತ್ತು ಕ್ಲೀವ್‌ಲೆಂಡ್ ತಂಡಗಳಿಗೆ ಆಡಿದವರು. ಆಟ ಬಿಟ್ಟ ಮೇಲೆ ಕ್ಯಾರೊಲಿನಾ ತಂಡದಲ್ಲಿ ಆಟಗಾರರನ್ನು ಗುರುತಿಸುವ ಕೆಲಸದಿಂದ ಆರಂಭಿಸಿ ಕೋಚ್ ಆದರು. ಬಫಲೊ ತಂಡದಲ್ಲಿ ದಾಳಿ ವಿಭಾಗದ ಮುಖ್ಯಸ್ಥರಾಗಿ ಏರಿದರು. 2023ರ ನವೆಂಬರ್‌ನಲ್ಲಿ, ಋತುವಿನ ನಡುವೆಯೇ, ಒಂದು ಸೋಲಿನ ಮರುದಿನ ಕೆಲಸ ಹೋಯಿತು. ಮುಂದಿನ ವರ್ಷ ಕ್ಲೀವ್‌ಲೆಂಡ್. ಒಂದು ಋತು ಮುಗಿಯುತ್ತಲೇ ಅದೂ ಹೋಯಿತು.

ಒಂದು ಇಮೇಲ್ ಬಂದು ಕೆಲಸ ಹೋಗುವುದು, ಮಕ್ಕಳ ಶಾಲೆ ಬದಲಿಸಿ ಇನ್ನೊಂದು ರಾಜ್ಯಕ್ಕೆ ಮನೆ ಸಾಗಿಸುವುದು ಏನೆಂದು ಐ.ಟಿ. ಕೆಲಸದಲ್ಲಿರುವ ಮಕ್ಕಳ ತಂದೆ ತಾಯಿಗೆ ವಿವರಿಸಬೇಕಾಗಿಲ್ಲ. ದ್ರಾವಿಡ್ ಕೂಡ 2024ರಲ್ಲಿ ಬಿಡುವಿಲ್ಲದ ವೇಳಾಪಟ್ಟಿಯನ್ನೂ ತಮ್ಮ ಬದುಕಿನ ಈಗಿನ ಘಟ್ಟವನ್ನೂ ಹೇಳಿ ಹುದ್ದೆಗೆ ಮತ್ತೆ ಅರ್ಜಿ ಹಾಕಲಿಲ್ಲ. ಇನ್ನೊಬ್ಬ ಹೆಸರಾಂತ ಕ್ವಾರ್ಟರ್‌ಬ್ಯಾಕ್ ಫಿಲಿಪ್ ರಿವರ್ಸ್ 2021ರಲ್ಲಿ ನಿವೃತ್ತರಾಗಿ ಅಲಬಾಮಾದ ಹೈಸ್ಕೂಲ್ ಒಂದರ ಕೋಚ್ ಆದರು. ಊರು ಬಿಡದೆ ಕಲಿಸುವ ದಾರಿಯೂ ಇದೆ ಎಂದು ತೋರಿಸಿದರು. ಆ ದಾರಿಯಲ್ಲಿ ಆಟದ ನಂಟೂ ಕಡಿಯಲಿಲ್ಲ: 2025ರ ಡಿಸೆಂಬರ್‌ನಲ್ಲಿ, 44ನೇ ವಯಸ್ಸಿನಲ್ಲಿ, ಹಳೆಯ ತಂಡ ಕರೆದಾಗ ಮತ್ತೆ ಮೈದಾನಕ್ಕಿಳಿದರು.

ಹಾಗಾದರೆ ನಿವೃತ್ತ ಕ್ವಾರ್ಟರ್‌ಬ್ಯಾಕ್ ಕೋಚ್ ಆಗಬೇಕೇ? ಮತ್ತೆ ಅ ಆ ಇ ಈಯಿಂದ ಶುರು ಮಾಡಲು ಸಿದ್ಧನಿದ್ದರೆ, ಆಗಬೇಕು. ಹಾರ್ಬಾ, ಪೀಡರ್ಸನ್, ದ್ರಾವಿಡ್ ಮೂವರೂ ಸಣ್ಣ ತಂಡದಲ್ಲೋ ಹುಡುಗರ ನಡುವೆಯೋ ಕಲಿಸುವುದನ್ನು ಮೊದಲು ಕಲಿತರು. ಹೆಸರನ್ನೇ ಬಂಡವಾಳ ಮಾಡಿಕೊಂಡು ನೇರ ಮೇಲಿನ ಕುರ್ಚಿಗೆ ಹೋಗುವುದಾದರೆ, ಟಿ.ವಿ. ಪೆಟ್ಟಿಗೆಯೇ ಮೇಲು. ಜೊತೆಗೆ ಮನೆಯವರನ್ನೂ ಕೇಳಬೇಕು. ವರ್ಷಗಟ್ಟಲೆ ಪ್ರವಾಸದಲ್ಲಿದ್ದವನು ಈಗಲಾದರೂ ಮನೆಯಲ್ಲಿರುತ್ತಾನೆ ಎಂದು ಕಾದವರು ಅವರು.

ಈ ಮಾತು ನಮ್ಮ ಮಕ್ಕಳಿಗೂ ಅನ್ವಯಿಸುತ್ತದೆ. ಚೆನ್ನಾಗಿ ಕೋಡ್ ಬರೆಯುವ ಮಗಳನ್ನು ಕಂಪನಿ ಮ್ಯಾನೇಜರ್ ಮಾಡುತ್ತೇನೆಂದಾಗ ಅವಳ ಮುಂದಿರುವುದೂ ಇದೇ ಪ್ರಶ್ನೆ: ತಾನು ಮಾಡಿದಾಗ ಸಿಗುವ ಸಂತೋಷ ಇನ್ನೊಬ್ಬರಿಂದ ಮಾಡಿಸಿದಾಗಲೂ ಸಿಗುವುದೇ? ಇಲ್ಲ ಎಂದರೆ ಅದು ಸೋಲಲ್ಲ. ಊರಿನಲ್ಲಿ ಕುಳಿತು ‘ಬಡ್ತಿ ಬೇಡ ಅಂದೆಯಾ?’ ಎಂದು ಕೇಳುವ ಮುನ್ನ ಒಂದು ಕ್ಷಣ ಯೋಚಿಸಬಹುದು.

ಮೊಮ್ಮಕ್ಕಳನ್ನು ವಾರಾಂತ್ಯದ ಕ್ರಿಕೆಟ್‌ಗೋ ಫುಟ್‌ಬಾಲ್‌ಗೋ ಸೇರಿಸುವವರಿಗೂ ಇದರಲ್ಲಿ ಪಾಠವಿದೆ. ಕ್ಯಾಲಿಫೋರ್ನಿಯಾದ ಹೈಸ್ಕೂಲ್ ಕ್ರೀಡೆಗಳಲ್ಲಿ ಸಂಬಳ ಇರಲಿ ಇಲ್ಲದಿರಲಿ, ಕೋಚ್ ಆಗುವವರು ಕಲಿಸುವ ತರಬೇತಿ ಪಡೆದಿರಬೇಕು. ಪ್ರಥಮ ಚಿಕಿತ್ಸೆ ಗೊತ್ತಿರಬೇಕು, ತಲೆಗೆ ಪೆಟ್ಟಾದರೆ ಗುರುತಿಸಲು ಬರಬೇಕು. ಸೂಪರ್ ಬೌಲ್ ಗೆದ್ದವರಿಗೂ ಇದರಿಂದ ವಿನಾಯಿತಿ ಇಲ್ಲ. ಖಾಸಗಿ ಅಕಾಡೆಮಿಗೆ ಹೋದಾಗಲೂ ಇವುಗಳನ್ನೇ ವಿಚಾರಿಸಿ. ಗೋಡೆಯ ಮೇಲಿನ ಹಳೆಯ ಫೋಟೊಗಳಿಗಿಂತ, ಕ್ಯಾಚ್ ಬಿಟ್ಟ ಹುಡುಗನ ಬಳಿ ಕೋಚ್ ಹೋಗಿ ಏನು ಹೇಳುತ್ತಾರೆ ಎಂಬುದನ್ನು ಗಮನಿಸಿ.