ಟಿವಿ ಸುದ್ದಿಯಲ್ಲಿ ‘ಅಂತೆ’ ಎಲ್ಲಿ ಮಾಯವಾಯ್ತು?

ಇವತ್ತು ನನ್ನದೇ ಒಂದು ತಪ್ಪಿನಿಂದ ಶುರು ಮಾಡ್ತೀನಿ. 2020ರಲ್ಲಿ ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೆ ಒಂದು ವಿಡಿಯೊ ಫಾರ್ವರ್ಡ್ ಮಾಡಿದ್ದೆ. ನಟ ಸುಶಾಂತ್ ಸಿಂಗ್ ರಜಪೂತ್ ಅವರದ್ದು ಕೊಲೆಯೇ ಅನ್ನೋ ಧಾಟಿಯದು. ನಮ್ಮತ್ತೆ ಒಂದೇ ಪ್ರಶ್ನೆ ಕೇಳಿದ್ರು: ‘ಹೀಗಂತ ಯಾರು ಹೇಳಿದ್ದು?’ ನನ್ನ ಹತ್ರ ಉತ್ತರ ಇರಲಿಲ್ಲ.

ಕನ್ನಡದಲ್ಲಿ ನಮಗೊಂದು ಅನುಕೂಲ ಇದೆ. ಕಣ್ಣಾರೆ ಕಂಡಿದ್ದಕ್ಕೆ ‘ಬಂದ’ ಅಂತೀವಿ, ಯಾರೋ ಹೇಳಿದ್ದಕ್ಕೆ ‘ಬಂದನಂತೆ’ ಅಂತೀವಿ. ಸೆಲೆಬ್ರಿಟಿ ಸಾವಿನ ಸುದ್ದಿಯಲ್ಲಿ ಮೊದಲು ಮಾಯ ಆಗೋದೇ ಈ ‘ಅಂತೆ’. ಹೇಗೆ ಅಂತ ನೋಡೋಣ.

ಮೊದಲು ಘಟನೆಗಳು. 2020ರ ಜೂನ್ 14ರಂದು ಮುಂಬೈನ ಬಾಂದ್ರಾದ ಮನೆಯಲ್ಲಿ ಸುಶಾಂತ್ ಮೃತಪಟ್ಟಿದ್ದು ಗೊತ್ತಾಯ್ತು. ಆಗಸ್ಟ್ 19ರಂದು ಸುಪ್ರೀಂ ಕೋರ್ಟ್ ಸಿಬಿಐ ತನಿಖೆಗೆ ದಾರಿ ಮಾಡಿಕೊಟ್ಟಿತು. ಸೆಪ್ಟೆಂಬರ್ 8ರಂದು ಗೆಳತಿ ರಿಯಾ ಚಕ್ರವರ್ತಿ ಬಂಧನವಾಯ್ತು. ಇಲ್ಲಿ ಸ್ವಲ್ಪ ನಿಲ್ಲಿ: ಅವರನ್ನು ಬಂಧಿಸಿದ್ದು ಎನ್‌ಸಿಬಿ, ಅದೂ ಡ್ರಗ್ಸ್ ಕೇಸಲ್ಲಿ. ಸಾವಿನ ಕೇಸಲ್ಲಿ ಅಲ್ಲ! ಆದರೆ ಟಿವಿ ನೋಡಿದ ಎಷ್ಟೋ ಜನರ ತಲೆಯಲ್ಲಿ ಎರಡೂ ಒಂದೇ ಆಗಿಬಿಟ್ಟಿತ್ತು.

ಹಾಗಾದರೆ ಚಾನೆಲ್‌ಗಳನ್ನ ಹೋಲಿಸೋದು ಹೇಗೆ? ನಾನು ಮೂರು ಪ್ರಶ್ನೆ ಇಟ್ಕೊಂಡಿದೀನಿ.

ಒಂದು, ತೀರ್ಪು ಕೊಡ್ತಿರೋದು ಯಾರು? ರಿಪಬ್ಲಿಕ್ ಟಿವಿ ರಿಯಾ ಅವರನ್ನು ಬಂಧಿಸಿ ಅನ್ನೋ ಹ್ಯಾಷ್‌ಟ್ಯಾಗ್ ಓಡಿಸಿತು. ಬಂಧಿಸಬೇಕಾ ಬೇಡವಾ ಅಂತ ವೀಕ್ಷಕರಿಗೆ ವೋಟು ಹಾಕಿಸೋಕೆ ಇದೇನು ರಿಯಾಲಿಟಿ ಶೋನಾ?

ಎರಡು, ಇನ್ನೊಂದು ಕಡೆಯವರಿಗೆ ಮಾತಾಡೋಕೆ ಬಿಟ್ಟರಾ? ಆಗಸ್ಟ್ ಕೊನೆಯಲ್ಲಿ ಇಂಡಿಯಾ ಟುಡೇ ಸಮೂಹ ರಿಯಾ ಅವರ ಸಂದರ್ಶನ ಮಾಡಿತು. ಅದಕ್ಕೂ ಟೀಕೆ ಬಂತು. ಆದರೆ ಎರಡು ತಿಂಗಳು ಬೇರೆಯವರ ಬಾಯಲ್ಲಿ ಕೇಳಿದ್ದ ಕಥೆಯನ್ನ ಅವತ್ತು ಅವರ ಬಾಯಲ್ಲೇ ಕೇಳೋ ಹಾಗಾಯ್ತು.

ಮೂರು, ಪುರಾವೆ ಪರೀಕ್ಷೆ ಮಾಡಿದ್ರಾ? ಅದೇ ಸಮೂಹದ ಆಜ್ ತಕ್, ಸುಶಾಂತ್ ಅವರದ್ದು ಅಂತ ನಕಲಿ ಟ್ವೀಟ್‌ಗಳನ್ನ ತೋರಿಸಿತ್ತು. ಸುದ್ದಿವಾಹಿನಿಗಳ ಸ್ವನಿಯಂತ್ರಣ ಸಂಸ್ಥೆ ಎನ್‌ಬಿಎಸ್‌ಎ, ಕ್ಷಮೆ ಕೇಳಿ 1 ಲಕ್ಷ ರೂಪಾಯಿ ದಂಡ ಕಟ್ಟಿ ಅಂತ ಆದೇಶ ಮಾಡಿತು. ಅಂದ್ರೆ ಒಳ್ಳೇ ಚಾನೆಲ್, ಕೆಟ್ಟ ಚಾನೆಲ್ ಅಂತ ಗೆರೆ ಎಳೆಯೋದು ಸುಲಭ ಅಲ್ಲ. ಒಂದೊಂದು ಸುದ್ದಿಯನ್ನೂ ಬೇರೆಬೇರೆಯಾಗಿ ತೂಗಬೇಕು.

ಆಮೇಲೆ ಏನಾಯ್ತು? ಅಕ್ಟೋಬರ್ ಆರಂಭದಲ್ಲಿ ಏಮ್ಸ್ ವೈದ್ಯರ ತಂಡ ಕೊಲೆ ಅನ್ನೋ ವಾದವನ್ನು ತಳ್ಳಿಹಾಕಿತು. ಅಕ್ಟೋಬರ್ 7ರಂದು ರಿಯಾ ಅವರಿಗೆ ಜಾಮೀನು ಸಿಕ್ಕಿತು. 2021ರ ಜನವರಿ 18ರಂದು ಬಾಂಬೆ ಹೈಕೋರ್ಟ್, ಮೀಡಿಯಾ ಟ್ರಯಲ್‌ನಿಂದ ನ್ಯಾಯದಾನಕ್ಕೆ ಅಡ್ಡಿ ಆಗುತ್ತೆ ಅಂತ ಹೇಳಿತು. ರಿಪಬ್ಲಿಕ್ ಮತ್ತು ಟೈಮ್ಸ್ ನೌ ಮಾಡಿದ ಕೆಲವು ವರದಿಗಳು ಮೇಲ್ನೋಟಕ್ಕೆ ನ್ಯಾಯಾಂಗ ನಿಂದನೆ ಅಂತ ಕಂಡರೂ ಕ್ರಮ ಕೈಗೊಳ್ಳಲಿಲ್ಲ. ಸಿಬಿಐ ಕ್ಲೋಷರ್ ರಿಪೋರ್ಟ್ ಸಲ್ಲಿಸಿದ್ದು 2025ರ ಮಾರ್ಚ್‌ನಲ್ಲಿ. ಟಿವಿ ಕೆಲವೇ ದಿನಗಳಲ್ಲಿ ಮುಗಿಸಿದ್ದ ಕೇಸಿಗೆ ತನಿಖಾ ಸಂಸ್ಥೆ ನಾಲ್ಕೂವರೆ ವರ್ಷ ತಗೊಂಡಿತು.

ತನಿಖೆ ಆಗಲಿ ಅಂತ ಕೇಳೋದು ತಪ್ಪಲ್ಲ. ಮಗನನ್ನ ಕಳ್ಕೊಂಡ ಮನೆಯವರಿಗೆ ಆ ಹಕ್ಕು ಖಂಡಿತ ಇದೆ. ಆದರೆ ಪ್ರಶ್ನೆ ಕೇಳೋದು ಬೇರೆ, ಉತ್ತರ ಮೊದಲೇ ಬರೆದಿಟ್ಟು ಪ್ರಶ್ನೆ ಕೇಳೋದು ಬೇರೆ.

ಆ ಗ್ರೂಪಿಗೆ ನಾನು ‘ಅವತ್ತು ಕಳಿಸಿದ್ದು ತಪ್ಪು’ ಅಂತ ಬರೆದಿದ್ದು ತುಂಬಾ ತಡವಾಗಿ. ವಿಡಿಯೊ ನೋಡಿದವರೆಲ್ಲ ಅದನ್ನ ಓದಿರಲಿಕ್ಕಿಲ್ಲ. ಮುಂದಿನ ಸಲ ಬ್ರೇಕಿಂಗ್ ನ್ಯೂಸ್ ಬಂದಾಗ ಆ್ಯಂಕರ್ ಹೇಳೋ ವಾಕ್ಯದ ಕೊನೆಗೆ ನೀವೇ ಒಂದು ‘ಅಂತೆ’ ಸೇರಿಸ್ಕೊಳ್ಳಿ. ಆಮೇಲೂ ಫಾರ್ವರ್ಡ್ ಮಾಡಬೇಕು ಅನ್ಸುತ್ತಾ ನೋಡಿ.

ಇಂಥ ಸುದ್ದಿ ಕೇಳಿ ಮನಸ್ಸು ಭಾರ ಆಗಿದ್ರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಮತ್ತೆ ಸಿಗೋಣ.