ಕೊಂಡ ಹಸು ಲಾರಿಯಲ್ಲಿ ಮನೆಗೆ ಬರುವಾಗ: ಹಳೆಯ ಚಾಲಕರಿಂದ ಕಲಿಯಬೇಕಾದ್ದು



ಹಸು ಕೊಳ್ಳಲು ಹೋದಾಗ ನಾವು ಕೆಚ್ಚಲು ನೋಡುತ್ತೇವೆ, ಹಲ್ಲು ಎಣಿಸುತ್ತೇವೆ, ಎರಡು ಹೊತ್ತು ಹಾಲು ಕರೆದು ಅಳೆಯುತ್ತೇವೆ. ಸುಳಿ ನೋಡುವವರೂ ಇದ್ದಾರೆ. ಆದರೆ ಆ ಹಸು ಯಾವ ಗಾಡಿಯಲ್ಲಿ, ಹೇಗೆ ನಿಂತು ಮನೆಗೆ ಬರುತ್ತದೆ ಎಂದು ನೋಡುವವರು ಕಡಿಮೆ. ಚಿಂತಾಮಣಿಯಲ್ಲೋ ಕೋಲಾರದ ಕಡೆಯೋ ಕೊಂಡ ರಾಸು ಇಡೀ ರಾತ್ರಿ ಪ್ರಯಾಣ ಮಾಡಿ ಬರುತ್ತದೆ. ಸಂಘದ ಮೂಲಕ ಪಡೆದ ಸಾಲ, ಚೀಟಿಯ ಹಣ, ಕೆಲವೊಮ್ಮೆ ಅಡವಿಟ್ಟ ಒಡವೆ, ಎಲ್ಲವೂ ಆ ರಾತ್ರಿ ಆ ಗಾಡಿಯ ಮೇಲೆ ನಾಲ್ಕು ಕಾಲಿನಲ್ಲಿ ನಿಂತಿರುತ್ತವೆ.

ಈ ವಿಷಯದಲ್ಲಿ ನಾನು ಪುಸ್ತಕದಲ್ಲಿ ಓದಿದ್ದು ಸ್ವಲ್ಪ, ಹಳೆಯ ಲಾರಿ ಚಾಲಕರಿಂದ ಕೇಳಿದ್ದು ಹೆಚ್ಚು. ಡೇರಿಯ ಅಂಗಳದಲ್ಲಿ ಟ್ಯಾಂಕರ್ ಖಾಲಿಯಾಗುವವರೆಗೆ ಕಾಯುವ ಹಿರಿಯ ಚಾಲಕರು ಟೀ ಹಿಡಿದು ಕೂತರೆ ಮಾತು ಹಳೆಯ ಲಾರಿಗಳಿಗೇ ಹೋಗುತ್ತದೆ. ಟಾಟಾ 1210, ಲೇಲ್ಯಾಂಡ್ ಕಾಮೆಟ್, ಅದಕ್ಕೂ ಹಿಂದಿನ ಬೆಂಜ್ ಲಾರಿ. ಟಾಟಾ ಕಂಪನಿ 1954ರಲ್ಲಿ ಜರ್ಮನಿಯ ಡೈಮ್ಲರ್ ಬೆಂಜ್ ಜೊತೆ ಸೇರಿ ಲಾರಿ ತಯಾರಿಸಲು ಶುರು ಮಾಡಿತ್ತು. 1969ರಲ್ಲಿ ಆ ಒಪ್ಪಂದ ಮುಗಿದರೂ ನಮ್ಮ ಕಡೆಯ ಹಿರಿಯರ ಬಾಯಲ್ಲಿ ಅದು ಬಹುಕಾಲ ಬೆಂಜ್ ಲಾರಿಯಾಗಿಯೇ ಉಳಿಯಿತು. ಆಗ ಕಂಪನಿಯಿಂದ ಬರುತ್ತಿದ್ದುದು ಎಂಜಿನ್ ಮತ್ತು ಚಾಸಿ ಮಾತ್ರ. ಬಾಡಿ ಕಟ್ಟುತ್ತಿದ್ದವರು ಬಡಗಿಗಳು. ತಮಿಳುನಾಡಿನ ನಾಮಕ್ಕಲ್ ಇವತ್ತಿಗೂ ಲಾರಿ ಬಾಡಿ ಕಟ್ಟುವುದಕ್ಕೆ ಹೆಸರಾದ ಊರು. ತಳ ಮರದ ಹಲಗೆ, ಪಕ್ಕ ಮರದ ಹಲಗೆ, ಹಿಂಬಾಗಿಲಿಗೆ ಕಬ್ಬಿಣದ ಸರಪಳಿ. ಸ್ಟೇರಿಂಗ್ ತಿರುಗಿಸಲು ಎರಡೂ ತೋಳಿನ ಶಕ್ತಿ ಬೇಕಿತ್ತಂತೆ.

ಹಾಲಿನ ಕ್ಯಾನ್ ಸಾಗಿಸಿದ ಮಾತು ಬಂದರೆ ಅವರಿಗೆ ಇನ್ನೂ ಹುರುಪು. ಈಗ ನಿಮ್ಮ ಹಾಲು ಶೀತಲ ಘಟಕದಿಂದ ಟ್ಯಾಂಕರ್‌ನಲ್ಲಿ ಹೋಗುತ್ತದೆ. ಆಗ 40 ಲೀಟರಿನ ಕ್ಯಾನುಗಳು. ಕ್ಯಾನಿಗೂ ಕ್ಯಾನಿಗೂ ನಡುವೆ ಕೈ ಹೋಗದಂತೆ ಒತ್ತಿ ಜೋಡಿಸಿ, ಹಗ್ಗ ಹಾಕಿ, ಸರಪಳಿ ಬಿಗಿದರೆ ಮಾತ್ರ ಹಾಲು ಡೇರಿ ಮುಟ್ಟುತ್ತಿತ್ತು. ಕತ್ತಿನವರೆಗೆ ತುಂಬಿದ ಕ್ಯಾನ್ ಸುಮ್ಮನೆ ಕೂರುತ್ತಿತ್ತು. ಅರ್ಧ ತುಂಬಿದ್ದು ಹಳ್ಳದಿಣ್ಣೆಯ ರಸ್ತೆಯಲ್ಲಿ ಕುಲುಕಿ ಕುಲುಕಿ, ಮುಚ್ಚಳ ತೆಗೆದರೆ ಬೆಣ್ಣೆ ತೇಲುತ್ತಿತ್ತು. ಮಜ್ಜಿಗೆ ಕಡೆದ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮೂಟೆಯಾಗಲಿ ಕ್ಯಾನಾಗಲಿ, ಸಂದು ಬಿಡದೆ ಜೋಡಿಸು, ಅಲುಗದಂತೆ ಬಿಗಿ ಎಂಬುದು ಲೋಡು ಕಟ್ಟುವ ನಿಯಮ. ರಾಸಿಗೆ ಮಾತ್ರ ಈ ನಿಯಮ ತಿರುಗುಮುರುಗು ಎಂದು ಇದೇ ಚಾಲಕರು ಹೇಳುತ್ತಾರೆ. ಅದು ನೂರಕ್ಕೆ ನೂರು ಸರಿ.

ಕಾರಣ ಹೀಗಿದೆ. ಹಿಂಡಿ ಮೂಟೆಯ ಭಾರ ತಳದಲ್ಲಿ ಕೂತಿರುತ್ತದೆ. ನಾಲ್ಕೈದು ಕ್ವಿಂಟಾಲ್ ತೂಗುವ ಮಿಶ್ರತಳಿ ಹಸುವಿನ ಭಾರವೆಲ್ಲ ಮೇಲಿರುತ್ತದೆ, ನಾಲ್ಕು ಗೊರಸಿನ ಮೇಲೆ. ಬ್ರೇಕ್ ಹಾಕಿದಾಗ, ತಿರುವು ಬಂದಾಗ ಹಸು ಒಂದು ಕಾಲನ್ನು ಅರ್ಧ ಅಡಿ ಆಚೆ ಇಟ್ಟು ತನ್ನ ಭಾರವನ್ನು ತಾನೇ ಸರಿದೂಗಿಸಿಕೊಳ್ಳುತ್ತದೆ. ಪ್ರಯಾಣದುದ್ದಕ್ಕೂ ಅದು ಮಾಡುವ ಕೆಲಸವೇ ಅದು. ಅದಕ್ಕೆ ಬೇಕಾದ್ದು ಎರಡು: ಗೊರಸು ಜಾರದ ನೆಲ ಮತ್ತು ಕಾಲು ಸರಿಸಲು ಒಂದಿಷ್ಟು ಜಾಗ. ಹಗ್ಗ ಬಿಗಿದು ತಲೆಯನ್ನು ಸರಳಿಗೆ ಅಂಟಿಸಿಬಿಟ್ಟರೆ ಹಸು ಭದ್ರವಾಯಿತು ಎಂದು ನಮಗೆ ಅನ್ನಿಸುತ್ತದೆ. ನಿಜವಾಗಿ ನಾವು ಕಿತ್ತುಕೊಂಡದ್ದು ಅದರ ಸಮತೋಲವನ್ನು.

ಮೊದಲು ನೆಲದ ಮಾತು. ಹಳೆಯ ಲಾರಿಯ ಒರಟು ಮರದ ಹಲಗೆಗೆ ಗೊರಸು ಕಚ್ಚಿಕೊಳ್ಳುತ್ತಿತ್ತು, ಗಂಜಲ ಹಲಗೆಯ ಸಂದಿನಿಂದ ಇಳಿದುಹೋಗುತ್ತಿತ್ತು. ಈಗಿನ ಪಿಕಪ್‌ಗಳ ತಳ ಕಬ್ಬಿಣದ ತಗಡು. ಹತ್ತು ಕಿಲೋಮೀಟರ್ ಹೋಗುವುದರೊಳಗೆ ಸಗಣಿ ಗಂಜಲ ಸೇರಿ ಅದು ಪಾಚಿ ಕಟ್ಟಿದ ಕಲ್ಲಿನಂತಾಗುತ್ತದೆ. ಅದಕ್ಕೇ ಹಳಬರು ನಾಲ್ಕು ಬೆರಳು ದಪ್ಪ ಮರಳು ಹರಡಿ, ಸ್ವಲ್ಪ ನೀರು ಚಿಮುಕಿಸಿ, ಮೇಲೆ ಹುಲ್ಲು ಹಾಸುತ್ತಿದ್ದರು. ಮರಳು ಗಂಜಲ ಹೀರುತ್ತದೆ, ಗೊರಸಿಗೆ ಹಿಡಿತ ಕೊಡುತ್ತದೆ. ಇನ್ನೊಂದು ಲಾಭವನ್ನು ಒಬ್ಬ ಚಾಲಕರು ಹೇಳಿದಾಗಲೇ ನನಗೆ ಹೊಳೆದದ್ದು. ಗಾಡಿಯ ಸ್ಪ್ರಿಂಗ್ ಪಟ್ಟಿಗಳನ್ನು ಪೂರ್ತಿ ಲೋಡಿಗೆ ತಕ್ಕಂತೆ ಮಾಡಿರುತ್ತಾರೆ. ಒಂದೇ ಹಸು ಹತ್ತಿಸಿದರೆ ಪಟ್ಟಿ ಬಗ್ಗುವುದೇ ಇಲ್ಲ, ಪ್ರತಿ ಗುಂಡಿಗೂ ಗಾಡಿ ಚೆಂಡಿನಂತೆ ಪುಟಿಯುತ್ತದೆ. ಮರಳಿನ ಭಾರ ಆ ಪುಟಿತವನ್ನೂ ತಗ್ಗಿಸುತ್ತದೆ. ಮರಳು ಸಿಗದಿದ್ದರೆ ತೆಂಗಿನ ನಾರಿನ ಚಾಪೆ, ಕೊಟ್ಟಿಗೆಗೆ ಹಾಸುವ ರಬ್ಬರ್ ಮ್ಯಾಟ್ ಆದೀತು. ಬರೀ ಹುಲ್ಲು ಸಾಲದು, ತಗಡಿನ ಮೇಲೆ ಹುಲ್ಲೇ ಜಾರುತ್ತದೆ.

ಇನ್ನು ಹಗ್ಗ. ಮೂಗುದಾರಕ್ಕೆ ಕಟ್ಟಿ ಪ್ರಯಾಣ ಮಾಡಿಸಬೇಡಿ, ದಯವಿಟ್ಟು. ನಡೆಸಿಕೊಂಡು ಹೋಗಲು ಮೂಗುದಾರ ಸರಿ, ಗಾಡಿಯಲ್ಲಿ ಅಲ್ಲ. ಹಸು ಜಾರಿ ಬಿದ್ದರೆ ಅದರ ಇಡೀ ಭಾರ ಮೂಗಿನ ಮೇಲೆ ಬೀಳುತ್ತದೆ. ಕೊಂಬಿಗೂ ಕಟ್ಟಬೇಡಿ. ಕೆನ್ನೆ ಮತ್ತು ಮೂತಿ ಸುತ್ತಿ ಬರುವ ಮುಖದ ಹಗ್ಗವೇ ಒಳ್ಳೆಯದು. ಕೊರಳಿಗೆ ಕಟ್ಟಿದರೆ ಎಳೆದಷ್ಟೂ ಬಿಗಿಯುವ ಕುಣಿಕೆ ಹಾಕಬಾರದು. ಗಾಡಿಯ ಕಡೆ ಹಾಕುವ ಗಂಟು ತುದಿ ಹಿಡಿದು ಎಳೆದರೆ ಒಂದೇ ಸಲಕ್ಕೆ ಬಿಚ್ಚುವಂತಿರಲಿ. ಕಟ್ಟುವ ಜಾಗ ಹಸುವಿನ ಎದೆಮಟ್ಟಕ್ಕಿಂತ ಮೇಲೆ ಬೇಡ. ಉದ್ದ ಎಷ್ಟಿರಬೇಕು ಎಂದರೆ, ಹಸು ತಲೆ ತಗ್ಗಿಸಿದಾಗ ಮೂತಿ ಕೆಳಗಿನ ಹುಲ್ಲಿಗೆ ತಾಗಬೇಕು, ಆದರೆ ಕಾಲು ಹಗ್ಗದ ಆಚೆಗೆ ದಾಟಬಾರದು. ಹೊರಡುವ ಮೊದಲು ಒಂದು ಹಿಡಿ ಹುಲ್ಲು ಕೆಳಗೆ ಹಾಕಿ ನೀವೇ ಪರೀಕ್ಷೆ ಮಾಡಬಹುದು. ಚಾಲಕನ ಕೈಗೆ ಸಿಗುವಲ್ಲಿ ಒಂದು ಹರಿತವಾದ ಕುಡುಗೋಲು ಇರಲಿ. ಹಸು ಬಿದ್ದು ಹಗ್ಗಕ್ಕೆ ನೇತುಬಿದ್ದರೆ ಗಂಟು ಬಿಚ್ಚುತ್ತಾ ಕೂರುವ ಸಮಯ ಇರುವುದಿಲ್ಲ.

ಕಳೆದ ಬೇಸಿಗೆಯಲ್ಲಿ ಒಬ್ಬ ತಾಯಿ ಬೆಳಗಿನ ಐದು ಗಂಟೆಗೆ ಫೋನ್ ಮಾಡಿದರು. ಎರಡನೇ ಸೂಲಿನ ಹಸು, ಆಗಷ್ಟೇ ಊರು ತಲುಪಿತ್ತು. ನಾನು ಹೋಗಿ ನೋಡುವಾಗ ಅದು ಪಿಕಪ್‌ನ ತಗಡಿನ ಮೇಲೆ ಹಿಂಗಾಲುಗಳನ್ನು ಎರಡೂ ಕಡೆಗೆ ಚಾಚಿ ಮಲಗಿತ್ತು. ಮೂಗು ಹರಿದು ರಕ್ತ ಒಣಗಿತ್ತು. ದಾರಿಯಲ್ಲಿ ಎಲ್ಲೋ ಜಾರಿದೆ, ಮೂಗುದಾರ ಬಿಗಿಯಾಗಿದ್ದರಿಂದ ಎದ್ದು ನಿಲ್ಲಲು ತಲೆ ಮುಂದೆ ಚಾಚಲು ಆಗಿಲ್ಲ, ಒದ್ದಾಡಿ ಒದ್ದಾಡಿ ತೊಡೆಯ ಸ್ನಾಯು ಹರಿದಿದೆ. ಹಸು ಏಳುವಾಗ ಮೊದಲು ತಲೆಯನ್ನು ಮುಂದಕ್ಕೆ ತೂಗಿ ಹಿಂಭಾಗ ಎತ್ತುತ್ತದೆ. ನೀವು ದಿನವೂ ಕೊಟ್ಟಿಗೆಯಲ್ಲಿ ನೋಡುವುದೇ. ಕ್ಯಾಬಿನ್‌ನಲ್ಲಿದ್ದ ಇಬ್ಬರಿಗೂ ಗೊತ್ತಾಗಿರಲಿಲ್ಲ, ನಡುವೆ ಎಲ್ಲೂ ನಿಲ್ಲಿಸಿರಲಿಲ್ಲ. ಒಂಬತ್ತು ದಿನ ಚಿಕಿತ್ಸೆ ಕೊಟ್ಟೆವು, ಹೊರಳಿಸಿ ಮಲಗಿಸಿದೆವು, ಬಿದಿರು ಕಟ್ಟಿ ಎತ್ತಿ ನಿಲ್ಲಿಸಲು ನೋಡಿದೆವು. ಹಸು ಏಳಲಿಲ್ಲ. ಹಾಲು ಒಂದು ಲೀಟರೂ ಸಂಘಕ್ಕೆ ಹೋಗಲಿಲ್ಲ, ಸಾಲದ ಕಂತು ಮಾತ್ರ ಮುಂದಿನ ತಿಂಗಳೇ ಶುರುವಾಯಿತು.

ಹಸು ಆರಿಸುವಾಗ ಆ ತಾಯಿಯನ್ನು ಯಾರೂ ಕರೆದುಕೊಂಡು ಹೋಗಿರಲಿಲ್ಲ. ಇದು ನಮ್ಮ ಕಡೆ ರೂಢಿ. ಸಂತೆಗೆ ಗಂಡಸರು, ದಲ್ಲಾಳಿ, ಚಾಲಕ. ಹಾಲು ಕರೆಯುವವರು, ಸಗಣಿ ಬಾಚುವವರು, ಸಾಲದ ಕಾಗದಕ್ಕೆ ಸಹಿ ಹಾಕಿದವರು ಮನೆಯಲ್ಲಿ. ನನ್ನನ್ನು ಕೇಳಿದರೆ ಹಸು ಗಾಡಿ ಹತ್ತುವಾಗ ನೀವು ಅಲ್ಲಿರಬೇಕು. ಆಗದಿದ್ದರೆ ತಗಡಿನ ಮೇಲೆ ಏನು ಹಾಸಿದ್ದಾರೆ, ಹಗ್ಗ ಎಲ್ಲಿಗೆ ಕಟ್ಟಿದ್ದಾರೆ ಎಂದು ಫೋಟೋ ಕಳಿಸಲು ಹೇಳಿ. ಬಾಡಿಗೆ ಕೊಡುವವರು ನೀವು, ಕೇಳುವ ಹಕ್ಕು ನಿಮಗಿದೆ.

ಕಾನೂನೂ ನಿಮ್ಮ ಪರವಾಗಿಯೇ ಇದೆ. ಪ್ರಾಣಿಗಳ ಸಾಗಾಣಿಕೆ ನಿಯಮ 1978ರ ಪ್ರಕಾರ ಒಂದು ಲಾರಿಯಲ್ಲಿ ಆರಕ್ಕಿಂತ ಹೆಚ್ಚು ದನ ಹಾಕುವಂತಿಲ್ಲ, ನೋಡಿಕೊಳ್ಳಲು ಒಬ್ಬರು ಜೊತೆಗಿರಬೇಕು, ಜಾರದ ಹಾಸು ಇರಬೇಕು, ದನದ ಜೊತೆ ಬೇರೆ ಸರಕು ಹೇರಬಾರದು, ಸಾಧ್ಯವಾದಷ್ಟೂ ದನದ ಮುಖ ಎಂಜಿನ್ ಕಡೆಗಿರಬೇಕು. ರಾಸು ಪ್ರಯಾಣಕ್ಕೆ ಯೋಗ್ಯ ಎಂಬ ಪಶುವೈದ್ಯರ ಪ್ರಮಾಣಪತ್ರ ಬೇಕು. 2016ರ ಜನವರಿಯಿಂದ ಜಾರಿಗೆ ಬಂದ ಮೋಟಾರು ವಾಹನ ನಿಯಮ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಪ್ರತಿ ಹಸು ಎಮ್ಮೆಗೂ 2 ಚದರ ಮೀಟರಿನ ಪ್ರತ್ಯೇಕ ಅಂಕಣ ಇರಬೇಕು ಎನ್ನುತ್ತದೆ. ಅಂದರೆ ಸುಮಾರು ಆರೂವರೆ ಅಡಿ ಉದ್ದ, ಮೂರೂಕಾಲು ಅಡಿ ಅಗಲ. ಜಾಗ ಅದಕ್ಕಿಂತ ತೀರಾ ಹೆಚ್ಚಾದರೂ ತೊಂದರೆಯೇ. ದೊಡ್ಡ ಲಾರಿಯಲ್ಲಿ ಒಂಟಿ ಹಸು ಆ ಕಡೆಯಿಂದ ಈ ಕಡೆಗೆ ಎಸೆಯಲ್ಪಡುತ್ತದೆ. ಎರಡು ಗಟ್ಟಿ ಬಿದಿರು ಅಡ್ಡ ಕಟ್ಟಿ ಅಂಕಣ ಮಾಡಿ, ಮುಂದಿನ ಹಲಗೆಗೆ ಹುಲ್ಲು ತುಂಬಿದ ಗೋಣಿಚೀಲ ಇಟ್ಟರೆ ಬ್ರೇಕ್ ಹಾಕಿದಾಗ ಎದೆಗೆ ಪೆಟ್ಟಾಗುವುದಿಲ್ಲ. ಪ್ರಮಾಣಪತ್ರ, ಖರೀದಿ ರಸೀದಿ, ಕಿವಿಯೋಲೆಯ 12 ಅಂಕಿಯ ಸಂಖ್ಯೆ ಬರೆದ ಕಾಗದ ಚಾಲಕನ ಬಳಿ ಇರಲಿ. ಈಗ ದಾರಿಯಲ್ಲಿ ತಪಾಸಣೆ ಹೆಚ್ಚು, ಕಾಗದ ಇಲ್ಲದೆ ನಿಂತ ಗಾಡಿಯಲ್ಲಿ ಬಿಸಿಲಿಗೆ ಬೇಯುವುದು ನಿಮ್ಮ ಹಸು. ವಿಮೆ ಮಾಡಿಸುವುದಾದರೆ ಪ್ರಯಾಣದ ಅವಘಡಕ್ಕೂ ಅದು ಅನ್ವಯಿಸುತ್ತದೆಯೇ ಎಂದು ಹತ್ತಿಸುವ ಮೊದಲೇ ಕೇಳಿ.

ಹತ್ತಿಸುವುದಕ್ಕೆ ಹಳಬರು ರಸ್ತೆ ಪಕ್ಕದ ದಿಬ್ಬ ಹುಡುಕಿ ಲಾರಿಯ ಹಿಂಬದಿಯನ್ನು ಅದಕ್ಕೆ ಒತ್ತಿ ನಿಲ್ಲಿಸುತ್ತಿದ್ದರು. ಈಗ ಬಾಲ ತಿರುಚಿ, ನಾಲ್ಕು ಜನ ನೂಕಿ ಹತ್ತಿಸುತ್ತಾರೆ. ದಿಬ್ಬವೇ ಮೇಲು. ಹಲಗೆ ಇಡುವುದಾದರೆ ಗಾಡಿಯ ತಳ ಮೂರಡಿ ಎತ್ತರವಿದ್ದರೆ ಹಲಗೆ ಒಂಬತ್ತು ಅಡಿಯಾದರೂ ಉದ್ದವಿರಲಿ, ಮೇಲೆ ಅಡ್ಡಪಟ್ಟಿ ಹೊಡೆದಿರಲಿ. ಹತ್ತಿಸುವ ಮೊದಲು ಹಾಲು ಕರೆದುಬಿಡಿ, ನೀರು ಕುಡಿಸಿ, ಒಣಹುಲ್ಲು ಕೊಡಿ. ಹೊಟ್ಟೆ ತುಂಬ ಹಿಂಡಿ ಬೂಸಾ ಬೇಡ, ಹೊಟ್ಟೆ ಉಬ್ಬರ ಬಂದೀತು. ಎಂಟು ತಿಂಗಳು ದಾಟಿದ ಗಬ್ಬದ ಹಸುವನ್ನು, ಕರು ಹಾಕಿ ವಾರ ಕಳೆಯದ ಹಸುವನ್ನು ತರಲೇಬೇಡಿ. ತುಂಬು ಗಬ್ಬದಲ್ಲಿ ಪ್ರಯಾಣದ ಒತ್ತಡಕ್ಕೆ ರಕ್ತದ ಸುಣ್ಣದಂಶ ಕುಸಿದು ಹಸು ನಡುಗಿ ಬೀಳುವುದುಂಟು, ಗಬ್ಬ ಹೋಗುವುದೂ ಉಂಟು. ಕರು ಜೊತೆಗಿದ್ದರೆ ಅದಕ್ಕೆ ಬೇರೆ ಅಂಕಣ ಬೇಕು.

ದಾರಿಯಲ್ಲಿ ಮೊದಲ ಅರ್ಧ ಗಂಟೆ ಕಳೆದ ಕೂಡಲೇ ಒಮ್ಮೆ ನಿಲ್ಲಿಸಿ ನೋಡಬೇಕು. ಹಗ್ಗದ ತೊಡಕು, ಹಾಸು ಸರಿದದ್ದು ಎಲ್ಲ ಆಗಲೇ ಗೊತ್ತಾಗುವುದು. ಆಮೇಲೆ ಮೂರು ನಾಲ್ಕು ಗಂಟೆಗೊಮ್ಮೆ ನಿಲ್ಲಿಸಿ ನೀರು. ಶಿರಾಡಿಯಂಥ ಘಾಟಿ ಇಳಿಯುವಾಗ ಬ್ರೇಕ್ ನೆಚ್ಚಿಕೊಳ್ಳದೆ ಗೇರ್‌ನಲ್ಲೇ ಇಳಿಸುವ ಹಳಬರ ಪದ್ಧತಿ ಹಸುವಿಗೆ ವರದಾನ. ಆ ಲಾರಿಗಳಿಗೆ ವೇಗವೇ ಇರಲಿಲ್ಲ ಎಂಬುದೂ ನಿಜ ಅನ್ನಿ. ಬೇಸಿಗೆಯಲ್ಲಿ ರಾತ್ರಿ ಪ್ರಯಾಣ ಒಳ್ಳೆಯದು. ಟಾರ್ಪಾಲನ್ನು ನಾಲ್ಕೂ ಕಡೆ ಮುಚ್ಚಿದರೆ ಹಸು ಉಸಿರುಗಟ್ಟುತ್ತದೆ. ಮೇಲೆ ನೆರಳಿದ್ದು ಪಕ್ಕ ಗಾಳಿಯಾಡಲಿ. ಊರಿನೊಳಗೆ ಆಸ್ಪತ್ರೆಗೆ ಒಯ್ಯಲು ಟ್ರ್ಯಾಕ್ಟರ್ ಟ್ರೇಲರ್ ಬಳಸುವವರಿಗೆ ಒಂದು ಮಾತು: ಹಲವು ಟ್ರೇಲರ್‌ಗಳಿಗೆ ಸ್ಪ್ರಿಂಗೇ ಇರುವುದಿಲ್ಲ. ಮುರಿದ ಕಾಲಿನ ಹಸುವನ್ನು ಅದರಲ್ಲಿ ಹಾಕುವ ಬದಲು ನಮ್ಮನ್ನೇ ಕರೆಯಿರಿ.

ಮನೆ ತಲುಪಿದ ಮೇಲೆ ಆರತಿ, ಪೂಜೆ ಎಲ್ಲ ಆಗಲಿ, ಆದರೆ ಹಸುವಿಗೆ ಮೊದಲು ಬೇಕಾದ್ದು ನೆರಳು ಮತ್ತು ನೀರು. ಬೆಲ್ಲ, ಚಿಟಿಕೆ ಉಪ್ಪು ಹಾಕಿದ ನೀರನ್ನು ಸ್ವಲ್ಪ ಸ್ವಲ್ಪವಾಗಿ ಕೊಡಿ, ಆಮೇಲೆ ಒಣಹುಲ್ಲು. ಪಶು ಆಹಾರವನ್ನು ಮರುದಿನದಿಂದ ಅರ್ಧ ಕಿಲೋದಂತೆ ಏರಿಸುತ್ತ ಹೋಗಿ. ಮೊದಲ ವಾರ ಹಾಲು ಇಳಿಯುವುದು ಸಹಜ. ಅದನ್ನು ನೋಡಿ ದಲ್ಲಾಳಿಯ ಜೊತೆ ಜಗಳಕ್ಕೆ ಇಳಿಯಬೇಡಿ, ಹಾಲು ಇಳಿಸುವ ಔಷಧಿ ಎಂದು ಯಾರೋ ಕೊಡುವ ಇಂಜೆಕ್ಷನ್ ಕೊಡಿಸಲೂಬೇಡಿ. ಹೊಸ ಹಸುವನ್ನು 21 ದಿನ ಬೇರೆ ಕಟ್ಟಿ, ಅದರ ಬಾನಿ, ಹಾಲಿನ ಪಾತ್ರೆ ಬೇರೆ ಇರಲಿ, ನಿಮ್ಮ ಹಳೆಯ ರಾಸುಗಳ ಹಾಲು ಕರೆದ ಮೇಲೆ ಇದರ ಸರದಿ. ಕಾಲುಬಾಯಿ ಜ್ವರ, ಚರ್ಮಗಂಟು ರೋಗ ಊರಿಗೆ ಬರುವುದು ಹೆಚ್ಚಾಗಿ ಇಂಥ ಗಾಡಿಗಳಲ್ಲೇ. ಮೈಯಲ್ಲಿ ಅಡಗಿದ್ದ ಉಣ್ಣೆ ಜ್ವರವೂ ಪ್ರಯಾಣದ ಆಯಾಸಕ್ಕೆ ಮೇಲೇಳುತ್ತದೆ. ಈ ಮೂರು ವಾರದಲ್ಲಿ ಮೇವು ಬಿಟ್ಟರೆ, ಮೈ ಬಿಸಿ 103 ಡಿಗ್ರಿ ದಾಟಿದರೆ, ಮೂಗಿನಲ್ಲಿ ಸಿಂಬಳ, ಕೆಮ್ಮು, ಕೆಂಪು ಮೂತ್ರ ಕಂಡರೆ ಅದೇ ಹೊತ್ತಿಗೆ ಸಂಘದ ಕಾರ್ಯದರ್ಶಿಗೆ ತಿಳಿಸಿ ತುರ್ತು ಕರೆ ಬರೆಸಿ. ಹಸು ಬಂದ ತಾರೀಖು, ಎಲ್ಲಿಂದ ಬಂತು, ಎಷ್ಟು ಹೊತ್ತು ಗಾಡಿಯಲ್ಲಿತ್ತು, ಕಾಲುಬಾಯಿ ಲಸಿಕೆ ಯಾವಾಗ ಹಾಕಿದ್ದು ಎಂಬುದನ್ನು ಹಾಲಿನ ಪಾಸ್‌ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಡಿ. ಬಂದ ತಕ್ಷಣ ನಾವು ಕೇಳುವುದು ಆ ನಾಲ್ಕು ವಿಷಯಗಳನ್ನೇ.