ಬೇರಿಗೊಂದು ಹನಿ ಹೆಪ್ಪು

ಮುಂದಿನ ಸಲ ಹೊಲಕ್ಕೆ ಇಳಿದಾಗ ಇಪ್ಪತ್ತು ದಿನದ ಒಂದು ರಾಗಿ ಪೈರನ್ನು ಗುದ್ದಲಿಯಿಂದ ಮೆಲ್ಲಗೆ ಎಬ್ಬಿಸಿ ನೋಡಿ. ಕೈಯಲ್ಲಿ ಎಳೆಯಬೇಡಿ, ಎಳೆದರೆ ನೋಡಬೇಕಾದ್ದೆಲ್ಲ ಮಣ್ಣಲ್ಲೇ ಉಳಿದುಬಿಡುತ್ತದೆ. ಎಬ್ಬಿಸಿದ ಮೇಲೆ ಒಮ್ಮೆ ಕೊಡವಿ. ಬೇರಿಗೆ ಅಂಗಿಯ ತೋಳು ತೊಡಿಸಿದ ಹಾಗೆ ಮಣ್ಣು ಅಂಟಿಕೊಂಡಿರುತ್ತದೆ. ತುದಿಯ ಒಂದಿಷ್ಟು ಮಾತ್ರ ಬೆಳ್ಳಗೆ, ಬರಿಮೈಯಲ್ಲಿ ಹೊಳೆಯುತ್ತಿರುತ್ತದೆ.

ಆ ಮಣ್ಣನ್ನು ಹಿಡಿದುಕೊಂಡಿರುವುದು ಬೇರುಗೂದಲು. ಒಂದೊಂದು ಕೂದಲೂ ಒಂದೇ ಒಂದು ಜೀವಕೋಶ. ಅದು ಉದ್ದಕ್ಕೆ ಚಾಚಿಕೊಂಡು ಮಣ್ಣಿನ ಕಣಗಳ ಸಂದಿಗೆ ನುಗ್ಗಿ ನೀರು, ರಂಜಕ, ಪೊಟ್ಯಾಷ್ ಹೀರುತ್ತದೆ. ಅದರ ಆಯುಸ್ಸು ಕೆಲವು ದಿನ, ಹೆಚ್ಚೆಂದರೆ ಕೆಲವು ವಾರ. ಹಾಗಾಗಿ ಗಿಡ ಹೊಸ ಬೇರು ಬಿಡುತ್ತಲೇ ಇರಬೇಕು. ಬರಿಮೈಯ ಆ ತುದಿಯೇ ಇಡೀ ಕಾರ್ಖಾನೆ. ಅಲ್ಲಿ ಹೊಸ ಕೋಶಗಳು ಹುಟ್ಟುತ್ತವೆ, ಅದರ ಹಿಂದೆಯೇ ಅವು ಉದ್ದವಾಗುತ್ತವೆ, ಇನ್ನೂ ಹಿಂದೆ ಅವಕ್ಕೆ ಕೂದಲು ಮೂಡುತ್ತದೆ.

ಈ ಕಾರ್ಖಾನೆ ಎಷ್ಟು ದೊಡ್ಡದು ಎಂಬುದನ್ನು 1937ರಲ್ಲಿ ಅಮೆರಿಕದ ಹೊವರ್ಡ್ ಡಿಟ್‌ಮರ್ ಎಣಿಸಿ ತೋರಿಸಿದರು. ಪೆಟ್ಟಿಗೆಯಲ್ಲಿ ಬೆಳೆಸಿದ ನಾಲ್ಕು ತಿಂಗಳ ಒಂದೇ ಒಂದು ರೈ ಗಿಡದ ಬೇರುಗಳನ್ನು ತೊಳೆದು ಅಳೆದರು. ಒಟ್ಟು ಉದ್ದ ಸುಮಾರು 620 ಕಿಲೋಮೀಟರ್. ಬೇರುಗೂದಲುಗಳ ಸಂಖ್ಯೆ ಸುಮಾರು 1,400 ಕೋಟಿ. ನಾವು ಬೆಳೆ ಎಂದು ಕರೆಯುವುದರಲ್ಲಿ ಕಣ್ಣಿಗೆ ಕಾಣುವುದು ಚೂರೇ ಚೂರು.

ಈಗ ಗೊಬ್ಬರದ ಅಂಗಡಿಗೆ ಬರೋಣ. ಅಲ್ಲಿ ಕಪಾಟಿನ ತುಂಬ ಬಣ್ಣಬಣ್ಣದ ಬಾಟಲಿಗಳು. ರೈತರ ಬಾಯಲ್ಲಿ ಅವುಗಳಿಗೆಲ್ಲ ಒಂದೇ ಹೆಸರು: ಟಾನಿಕ್. ಲೇಬಲ್ಲಿನ ಮೇಲಿರುವ ಹೆಸರು ಬಯೋಸ್ಟಿಮ್ಯುಲೆಂಟ್, ಕನ್ನಡದಲ್ಲಿ ಜೈವಿಕ ಪ್ರಚೋದಕ. ಇದು ಯೂರಿಯಾದಂತೆ ಗಿಡಕ್ಕೆ ಊಟವಲ್ಲ, ಕೀಟನಾಶಕದಂತೆ ಹುಳುವಿಗೆ ವಿಷವೂ ಅಲ್ಲ. ಇರುವ ಊಟವನ್ನು ಚೆನ್ನಾಗಿ ಉಣ್ಣಲು ಗಿಡವನ್ನು ಎಬ್ಬಿಸುವ ಪದಾರ್ಥ. ನಮ್ಮ ಅಡುಗೆಮನೆಯಲ್ಲಿ ಇದಕ್ಕೆ ಹತ್ತಿರದ್ದು ಹೆಪ್ಪು. ಒಂದು ಚಮಚ ಹೆಪ್ಪು ಇಡೀ ತಪ್ಪಲೆ ಹಾಲನ್ನು ಮೊಸರು ಮಾಡುತ್ತದೆ. ಆದರೆ ನೀರಿಗೆ ಎಷ್ಟು ಹೆಪ್ಪು ಹಾಕಿದರೂ ಮೊಸರಾಗದು. ಈ ಮಾತನ್ನು ನೆನಪಿಡಿ, ಕೊನೆಗೆ ಬೇಕಾಗುತ್ತದೆ.

ಹೆಪ್ಪು ಬೇರಿನಲ್ಲಿ ಮಾಡುವ ಕೆಲಸ ಏನು? ಗಿಡದೊಳಗೆ ಬೇರಿನ ಮೇಸ್ತ್ರಿ ಎಂದರೆ ಆಕ್ಸಿನ್ ಎಂಬ ಹಾರ್ಮೋನು. ಚಿಗುರಿನಲ್ಲಿ ತಯಾರಾಗಿ ಕೆಳಗೆ ಹರಿದುಬರುತ್ತದೆ. ಎಲ್ಲಿ ಪಕ್ಕದ ಬೇರು ಒಡೆಯಬೇಕು, ಎಲ್ಲಿ ಕೂದಲು ಚಾಚಬೇಕು ಎಂದು ಹೇಳುವುದು ಅದೇ. ಸೈಟೊಕೈನಿನ್ ಎಂಬ ಇನ್ನೊಂದು ಹಾರ್ಮೋನು ಚಿಗುರಿನ ಪರ. ಅದು ಹೆಚ್ಚಾದರೆ ಪಕ್ಕದ ಬೇರುಗಳು ಹಿಂದೆ ಸರಿಯುತ್ತವೆ. ಇವೆರಡರ ತೂಕ ಹೇಗಿದೆಯೋ ಬೇರಿನ ರೂಪ ಹಾಗೆ.

ಇಲ್ಲಿ ಪ್ರಮಾಣವೇ ಎಲ್ಲ. ಆಕ್ಸಿನ್ ತುಸು ಇದ್ದರೆ ಬೇರು ಒಡೆಯುತ್ತದೆ, ಅತಿಯಾದರೆ ಬೇರು ನಿಂತೇಹೋಗುತ್ತದೆ. ಭತ್ತದ ಗದ್ದೆಯಲ್ಲಿ ಅಗಲ ಎಲೆಯ ಕಳೆ ಕೊಲ್ಲಲು ಹೊಡೆಯುವ ‘ಟೂ-ಫೋರ್-ಡಿ’ ಆಕ್ಸಿನ್‌ನ ಕೆಲಸ ಮಾಡುವ ರಾಸಾಯನಿಕವೇ. ಕಳೆಯೊಳಗೆ ಬೆಳವಣಿಗೆಯ ಲಗಾಮು ಕಿತ್ತುಹೋಗಿ, ಅದು ತಿರುಚಿಕೊಂಡು ಸಾಯುತ್ತದೆ. ಆದ್ದರಿಂದ ಎರಡು ಮುಚ್ಚಳದ ಬದಲು ನಾಲ್ಕು ಮುಚ್ಚಳ ಹಾಕಿದರೆ ಎರಡು ಪಟ್ಟು ಬೇರು ಬರುತ್ತದೆ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಇಂಥ ಹೆಪ್ಪಿಗೆ ಒಂದು ದೊಡ್ಡ ಮೂಲ ಕಡಲ ಪಾಚಿ. ಐರ್ಲೆಂಡಿನ ಆರನ್ ದ್ವೀಪಗಳಲ್ಲಿ ಬರಿ ಬಂಡೆಯ ಮೇಲೆ ಮರಳು, ಪಾಚಿಗಳನ್ನು ಪದರಪದರವಾಗಿ ಹರಡಿ ಜನ ಮಣ್ಣನ್ನೇ ಸೃಷ್ಟಿಸಿ ಆಲೂಗಡ್ಡೆ ಬೆಳೆದರು. ನಮ್ಮಲ್ಲಿ ತಮಿಳುನಾಡಿನ ರಾಮನಾಥಪುರ ಜಿಲ್ಲೆಯ ಮಂಡಪಂ ಸುತ್ತ ಮೀನುಗಾರ ಹೆಂಗಸರು ಬಿದಿರಿನ ತೆಪ್ಪಗಳಿಗೆ ಪಾಚಿಯ ತುಂಡು ಕಟ್ಟಿ ಕಡಲಲ್ಲಿ ತೇಲಿಬಿಡುತ್ತಾರೆ. ಪಾಚಿಯ ಹೆಸರು ಕಪ್ಪಾಫೈಕಸ್. ಸುಮಾರು 45 ದಿನಕ್ಕೆ ಕಟಾವು. ಭಾವನಗರದ ಕೇಂದ್ರೀಯ ಉಪ್ಪು ಮತ್ತು ಕಡಲ ರಾಸಾಯನಿಕ ಸಂಶೋಧನಾ ಸಂಸ್ಥೆ ತೋರಿಸಿಕೊಟ್ಟ ದಾರಿ ಸರಳವಾಗಿದೆ: ಹಸಿ ಪಾಚಿಯನ್ನು ಅರೆದು ಹಿಂಡಿದರೆ ಬರುವ ರಸ ಹೊಲಕ್ಕೆ, ಉಳಿದ ಚರಟದಿಂದ ತಿಂಡಿ-ತಿನಿಸುಗಳನ್ನು ಗಟ್ಟಿ ಮಾಡುವ ಕ್ಯಾರಗೀನನ್. ಆ ರಸದಲ್ಲಿ ಪೊಟ್ಯಾಷ್ ಇದೆ, ಚೂರುಪಾರು ಆಕ್ಸಿನ್, ಸೈಟೊಕೈನಿನ್ ಇವೆ.

ಈ ಪಾಚಿ ಹೊರಗಿನಿಂದ ಬಂದದ್ದು. ಮನ್ನಾರ್ ಕೊಲ್ಲಿಯ ಕೃಸಡೈ ದ್ವೀಪದ ಹವಳಗಳ ಮೇಲೆ ಅದು ಹಬ್ಬಿ ಕೂತದ್ದೂ ದಾಖಲಾಗಿದೆ. ಹೊಲಕ್ಕೆ ಒಳ್ಳೆಯದೆಂದ ಮಾತ್ರಕ್ಕೆ ಕಡಲಿಗೂ ಒಳ್ಳೆಯದಾಗಬೇಕಿಲ್ಲ.

ಉತ್ತರ ಅಟ್ಲಾಂಟಿಕ್‌ನ ಕಂದು ಪಾಚಿ ಆಸ್ಕೊಫಿಲಮ್‌ನದು ಬೇರೆಯೇ ಕಥೆ. ಅದರ ಸಾರದಲ್ಲಿರುವ ಹಾರ್ಮೋನು ತೀರ ಕಡಿಮೆ. ಆದರೂ ಅದು ಬಿದ್ದಾಗ ಗಿಡವೇ ತನ್ನೊಳಗಿನ ಹಾರ್ಮೋನುಗಳನ್ನು ಏರಿಸಿ ಇಳಿಸಿಕೊಳ್ಳುತ್ತದೆ. ಪಾಚಿಯ ಉದ್ದುದ್ದ ಸಕ್ಕರೆ ಅಣುಗಳನ್ನು ಬೇರು ಒಂದು ಸೂಚನೆಯೆಂದು ಓದಿಕೊಳ್ಳುತ್ತದೆ.

ಹೆಪ್ಪು ಮನೆಯ ಹಿತ್ತಲಲ್ಲೂ ಇದೆ. ನುಗ್ಗೆಯ ಎಳೆ ಎಲೆಯಲ್ಲಿ ಜಿಯಾಟಿನ್ ಎಂಬ ಸೈಟೊಕೈನಿನ್ ಇದೆ, ಎಳನೀರಿನಲ್ಲೂ ಅದರ ಬಳಗದವು ಇವೆ. ಚೆನ್ನಾಗಿ ಕಳಿತ ಎರೆಹುಳು ಗೊಬ್ಬರದ ಹ್ಯೂಮಿಕ್ ಆಮ್ಲ ಬೇರಿನ ಕೋಶಗಳ ಗೋಡೆ ಸಡಿಲಿಸಿ ಅವು ಉದ್ದವಾಗಲು ನೆರವಾಗುತ್ತದೆ. ತಿಪ್ಪೆ ಬರಿ ಗೊಬ್ಬರದ ಗುಡ್ಡೆಯಲ್ಲ, ಅದರಲ್ಲಿ ಟಾನಿಕ್ಕೂ ಸೇರಿದೆ.

ಹಾಗಾದರೆ ಬಾಟಲಿ ಮಣ್ಣನ್ನು ಸುಧಾರಿಸುತ್ತದೆಯೇ? ತಕ್ಕಡಿ ಹಿಡಿದು ನೋಡೋಣ. ಒಂದು ಎಕರೆಯ ಮೇಲಿನ ಅರ್ಧ ಅಡಿಗಿಂತ ತುಸು ಹೆಚ್ಚಿನ ಮಣ್ಣು ಸುಮಾರು 9 ಲಕ್ಷ ಕಿಲೋ ತೂಗುತ್ತದೆ. ಅದಕ್ಕೆ ಒಂದು ಲೀಟರ್ ದ್ರಾವಣ! ನೇರವಾಗಿ ಅದು ಮಣ್ಣಿಗೆ ಏನೂ ಮಾಡಲಾರದು. ಮಾಡುವುದೇನಿದ್ದರೂ ಬೇರು. ಎಲೆ ತಯಾರಿಸಿದ ಸಕ್ಕರೆಯ ಒಂದು ಪಾಲನ್ನು ಬೇರು ಮಣ್ಣಿಗೆ ಒಸರುತ್ತದೆ. ಅದನ್ನು ತಿಂದು ಸೂಕ್ಷ್ಮಜೀವಿಗಳು ಹೆಚ್ಚುತ್ತವೆ. ಅವುಗಳ ಅಂಟು, ಶಿಲೀಂಧ್ರದ ಎಳೆ, ಬೇರಿನ ಲೋಳೆ ಸೇರಿ ಮಣ್ಣು ಹರಳುಹರಳಾಗುತ್ತದೆ, ಮಳೆನೀರು ಇಂಗುತ್ತದೆ. ಬೇರು ಹೆಚ್ಚಿದರೆ ಈ ಸರಪಳಿ ಶುರುವಾದೀತು. ಆದರೆ ಮಣ್ಣಿನಲ್ಲಿ ಸಾವಯವ ಅಂಶವಿಲ್ಲದೆ, ತೇವವಿಲ್ಲದೆ, ಟ್ರ್ಯಾಕ್ಟರ್ ಓಡಿ ಗಟ್ಟಿಯಾದ ಪದರ ಕೆಳಗೆ ಕೂತಿದ್ದರೆ ಬೇರು ಹೋಗುವುದಾದರೂ ಎಲ್ಲಿಗೆ? ನೀರಿಗೆ ಹೆಪ್ಪು ಹಾಕಿದಂತೆ ಎಂದದ್ದು ಇದಕ್ಕೇ.

ಹಳೆಯ ಪಾಠವೂ ಒಂದಿದೆ. 1977ರಲ್ಲಿ ಮಿಷಿಗನ್ ರಾಜ್ಯ ವಿಶ್ವವಿದ್ಯಾಲಯದ ಸ್ಟ್ಯಾನ್ಲಿ ರೈಸ್ ಮತ್ತು ಸಂಗಡಿಗರು ಕುದುರೆ ಮಸಾಲೆ ಸೊಪ್ಪಿನಿಂದ ಟ್ರಯಕಾಂಟನಾಲ್ ಎಂಬ ಮೇಣದಂಥ ವಸ್ತುವನ್ನು ಬೇರ್ಪಡಿಸಿ, ಅದು ಬೆಳೆ ಹೆಚ್ಚಿಸುವುದನ್ನು ತೋರಿಸಿದರು. ಜಗತ್ತು ಕುಣಿದಾಡಿತು. ಹೊಲಕ್ಕೆ ಬಂದಾಗ ಫಲಿತಾಂಶ ಒಮ್ಮೆ ಬಂತು, ಒಮ್ಮೆ ಕೈಕೊಟ್ಟಿತು. ಮಣ್ಣು, ಹವೆ, ಬೆಳೆಯ ವಯಸ್ಸು ಬದಲಾದಂತೆ ಫಲವೂ ಬದಲಾಗುವುದು ಈ ಇಡೀ ಬಳಗದ ಸ್ವಭಾವ.

ಭಾರತದಲ್ಲಿ 2021ರ ಫೆಬ್ರವರಿಯವರೆಗೆ ಇವುಗಳಿಗೆ ಪ್ರತ್ಯೇಕ ನಿಯಮವೇ ಇರಲಿಲ್ಲ. ಆಗ ಕೇಂದ್ರ ಸರ್ಕಾರ ಇವನ್ನು ರಸಗೊಬ್ಬರ ನಿಯಂತ್ರಣ ಆದೇಶದೊಳಗೆ ತಂದಿತು. ಸುಮಾರು 30,000 ಉತ್ಪನ್ನಗಳು ತಪಾಸಣೆಯಿಲ್ಲದೆ ಮಾರಾಟವಾಗುತ್ತಿದ್ದವು, ಬಿಗಿ ಮಾಡಿದ ಮೇಲೆ ಉಳಿದದ್ದು ಸುಮಾರು 650 ಎಂದು 2025ರಲ್ಲಿ ಕೇಂದ್ರ ಕೃಷಿ ಸಚಿವರೇ ಹೇಳಿದರು. ಬಾಟಲಿಯ ಮೇಲೆ ಏನೇನಿದೆ, ಯಾವ ಬೆಳೆಗೆ, ಎಷ್ಟು ಎಂಬುದು ಬರೆದಿಲ್ಲದಿದ್ದರೆ ಅಂಗಡಿಯಲ್ಲೇ ಬಿಟ್ಟುಬನ್ನಿ.

ಬರೆದಿದ್ದರೂ ನಂಬುವ ಮುನ್ನ ನೀವೇ ಪರೀಕ್ಷಿಸಿ. ಮೊದಲು ಕೊಟ್ಟಿಗೆ ಗೊಬ್ಬರ ಹಾಕಿ. ಆಮೇಲೆ ಒಂದು ಸಾಲು ಬಿಟ್ಟು ಒಂದು ಸಾಲಿಗೆ ಟಾನಿಕ್ ಹಾಕಿ. ಬಿಟ್ಟ ಸಾಲಿಗೆ ಅಷ್ಟೇ ಬರಿ ನೀರು ಹಾಕಿ, ಇಲ್ಲದಿದ್ದರೆ ನೀರಿನ ಗುಣ ಟಾನಿಕ್ಕಿನ ಖಾತೆಗೆ ಸೇರುತ್ತದೆ. ತಿಂಗಳು ಕಳೆದ ಮೇಲೆ ಎರಡೂ ಕಡೆಯಿಂದ ಐದೈದು ಗಿಡ ಗುದ್ದಲಿಯಿಂದ ಎಬ್ಬಿಸಿ, ಬಕೆಟ್ ನೀರಲ್ಲಿ ಬೇರು ತೊಳೆದು ಬಿಳಿ ಪಂಚೆಯ ಮೇಲೆ ಪಕ್ಕಪಕ್ಕ ಹರಡಿ. ಎರಡನೇ ಬಾಟಲಿಯ ಮಾತು ಅದನ್ನು ನೋಡಿದ ಮೇಲೆ.